ಚೌಕಾಬಾರದ ಮೇಲಿನ ಹೆಸರು

ಎರಡು ಸಾವಿರದ ಇಸವಿಯ ಶ್ರಾವಣದ ಒಂದು ಮಧ್ಯಾಹ್ನ, ಖಾಸಬಾಗದ ಕಂಪ್ಯೂಟರ್ ತರಗತಿಯಲ್ಲಿ, ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಸರ್ ಕುಳಿತ ಕುರ್ಚಿಯ ಹಿಂದೆ ನಾನು ನಿಂತಿದ್ದೆ. ಪುಣೆಯ ಗೇಮ್ ಕಂಪನಿಯಿಂದ ಇಬ್ಬರು ಬಂದಿದ್ದರು. ಅವರಿಗೆ ಗೇಮ್ ಮಾಡಬಲ್ಲ ಒಬ್ಬರು ಬೇಕಾಗಿದ್ದರು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಸಹಪಾಠಿ ಹುಡುಗಿ ಚೌಕಾಬಾರವನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿದ್ದಳು. ತೆರೆಯ ಮೇಲೆ ಮೊದಲು ಅವಳ ಹೆಸರು ಬಂದು, ಆಮೇಲೆ ಕವಡೆಗಳು ಉರುಳುತ್ತಿದ್ದವು.

ಅತಿಥಿಗಳು ಬಾಗಿಲ ಹೊರಗೆ ಬೂಟು ಕಳಚುತ್ತಿದ್ದಾಗ ಸರ್ ಅವಳಿಗೆ, “ತಂಗಿ, ಕೆಳಗ ಹೋಗಿ ಚಹಾ ತೊಗೊಂಡ ಬಾರವ್ವಾ” ಎಂದರು. ಅವಳು ಮೆಟ್ಟಿಲಿಳಿದ ಕೂಡಲೇ ಅವಳ ಹೆಸರು ಅಳಿಸಿ ತಮ್ಮ ಹೆಸರು ಹೊಡೆದರು.

ಅತಿಥಿಗಳು ಕುಳಿತ ಮೇಲೆ, “ಸರ್, ಇದು ಅಕಿ ಮಾಡಿದ್ದಲ್ಲೇನ್ರೀ?” ಎಂದು ಗಟ್ಟಿಯಾಗಿ ಕೇಳಿದೆ.

“ಅಕಿ ಬರೇ ಟೈಪ್ ಮಾಡ್ಯಾಳ. ಗೇಮ್ ಮಾಡೂದಂದ್ರ ರೊಟ್ಟಿ ಬಡದಂಗೇನೋ?” ಎಂದು ನಕ್ಕು, ಅದನ್ನೇ ಮರಾಠಿಯಲ್ಲೂ ಹೇಳಿದರು. ಅತಿಥಿಗಳೂ ನಕ್ಕರು.

ಅವಳು ಬಂದು ತೆರೆ ನೋಡಿದಳು. “ಸರ್, ನನ್ನ ಹೆಸರು?”

“ಮೊದಲ ಚಹಾ ಕೊಡು, ಆರತೈತಿ.”

ಕೊಟ್ಟಳು. ಅತಿಥಿಯೊಬ್ಬರು ಗುಟುಕರಿಸಿ, “ಚಹಾ ಛಾನ್ ಆಹೇ” ಎಂದು ಅವಳನ್ನು ಹೊಗಳಿದರು. ಪುಣೆಯ ಕೆಲಸ ಸರ್‌ಗೆ ಸಿಕ್ಕಿತು. ಅವಳು ತರಗತಿಗೆ ಮತ್ತೆ ಬರಲಿಲ್ಲ.

ಆ ಕೋಣೆ ಗುಡಿಸುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ಕಂಡಿದ್ದಳು, ಈಗಿಲ್ಲ. ನನ್ನ ಬಾಜೂ ನಿಂತಿದ್ದ ಅನಗೋಳದ ಗೆಳೆಯ ಇದ್ದಾನೆ, ನನ್ನ ಮಾತು ನಂಬದವರು ಅವನನ್ನು ಕೇಳಬಹುದು. ಖಾನಾಪುರದಲ್ಲಿ ಅವಳೂ ಇದ್ದಾಳೆ.