ಕೂರಲು ಕಲಿಸಿದ ಜಿಮ್ಮಕ್ಕ

ಅವರ ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ, ಬೆಳಿಗ್ಗೆ ಹಣೆಗಿಟ್ಟ ಕುಂಕುಮ ಬೆರಳಿನ ಸೀಳುಗಳಲ್ಲಿ ಸಂಜೆಯವರೆಗೂ ಕೆಂಪಗೆ ಉಳಿದಿರುತ್ತಿತ್ತು. ಚೂಡಿದಾರದ ಮೇಲೊಂದು ಗಂಡಸರ ಟೀ ಶರ್ಟು, ತಾಳಿ ಸರವನ್ನು ಒಳಗೆ ಸೇರಿಸಿ ಹಾಕಿದ ಪಿನ್ನು. ಕೃಷ್ಣರಾಜಪೇಟೆಯ ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಜಿಮ್ಮಿನಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದರು. ಗೋವಿಂದನಹಳ್ಳಿ ಕಡೆಯವರು. ನಮಗೆಲ್ಲ ಅವರು ಜಿಮ್ಮಕ್ಕ.

ನಾನು ಅಲ್ಲಿಗೆ ಹೋದದ್ದು ಮೈ ಇಳಿಸುವುದಕ್ಕಲ್ಲ. ಪಾರ್ಶ್ವವಾಯು ಬಡಿದು ನಮ್ಮ ಯಜಮಾನರ ಬಲಗಡೆ ಸ್ವಾಧೀನ ತಪ್ಪಿತ್ತು, ಮಾತೂ ಬಿದ್ದುಹೋಗಿತ್ತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ಎತ್ತಿ ಕೂರಿಸಿ, ಆಮೇಲೆ ಪಾಠ ಮಾಡಲು ಶಾಲೆಗೆ ಓಡಬೇಕು. ಒಂದು ಬೆಳಿಗ್ಗೆ ಎತ್ತುವಾಗ ಸೊಂಟ ಹಿಡಿದುಕೊಂಡು ಇಬ್ಬರೂ ನೆಲಕ್ಕೆ ಬಿದ್ದೆವು. ‘ನಿಮ್ಮ ಕೈಲಿ ಆಗಲ್ಲ ಅತ್ತಿಗೆ, ಅಣ್ಣನ್ನ ಮೈಸೂರಲ್ಲಿ ಎಲ್ಲಾದ್ರೂ ನೋಡ್ಕೊಳ್ಳೋ ಕಡೆ ಬುಟ್ಬುಡಾಣ’ ಎಂದ ಮೈದುನ. ಯಜಮಾನರು ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಅವರನ್ನು ಕಳಿಸಲು ನನಗೆ ಮನಸ್ಸಿಲ್ಲ, ಎತ್ತಲು ಮೈಯಲ್ಲಿ ಕಸುವಿಲ್ಲ. ಸೊಂಟ ನೋಡಿದ ಡಾಕ್ಟರೇ ಜಿಮ್ಮಿಗೆ ಹೋಗಿ ಅಂದರು.

ಜಿಮ್ಮಕ್ಕನ ಪದ್ಧತಿಯೇ ಬೇರೆ. ಒಂದು ಸೆಟ್ಟು ಎತ್ತಿ ಇಳಿಸಿದ ಮೇಲೆ ಗೋಡೆ ಬದಿಯ ಬೆಂಚಿನ ಮೇಲೆ ಕೂರಿಸಿ, ಅವತ್ತು ಮನೆಯಲ್ಲಿ ಮಾಡಿದ ಸಾರನ್ನು ಹೇಗೆ ಮಾಡಿದೆವೆಂದು ಹೇಳಿಸುತ್ತಿದ್ದರು. ಮಾತು ನಡುವೆ ಕಡಿಯದೆ, ಉಸಿರು ಸಿಕ್ಕಿಕೊಳ್ಳದೆ ಹೇಳಿದರೆ ಮುಂದಿನ ಸೆಟ್ಟು. ಕೈಯಲ್ಲಿ ಹಿಡಿಯುವ ಸಣ್ಣ ಡಂಬಲ್ಸಿಗೆ ಬರೀ ಒಗ್ಗರಣೆ ಹೇಳಿದರೆ ಸಾಕು. ನೆಲದಿಂದ ಭಾರದ ರಾಡು ಎತ್ತಿದ ದಿನ ಮಾತ್ರ ಪೂರ್ತಿ ಬಸ್ಸಾರು: ಸೊಪ್ಪು ಬಿಡಿಸಿ, ಕಾಳು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿ, ಕುದಿಸಿ ಇಳಿಸುವವರೆಗೆ. ಮಧ್ಯೆ ಏದುಸಿರು ಬಂತೋ, ‘ನಿಮ್ ಸಾರಿನ್ನೂ ಬೆಂದಿಲ್ಲ, ಕೂತ್ಕಳಿ’ ಅನ್ನುತ್ತಿದ್ದರು.

ನನಗೋ ಕೂರುವುದೆಂದರೆ ಮೈಮೇಲೆ ಮುಳ್ಳು. ಮೊದಲ ದಿನವೇ ಬೆಂಚಿನಿಂದೆದ್ದು ಮೂಲೆಯಲ್ಲಿದ್ದ ಪೊರಕೆ ತೆಗೆದು ಗುಡಿಸಲು ನಿಂತೆ. ನಾನೊಬ್ಬಳೇ ಅಲ್ಲ, ಒಬ್ಬಳು ಕನ್ನಡಿ ಒರೆಸುತ್ತಿದ್ದಳು, ಇನ್ನೊಬ್ಬಳು ಚಾಪೆ ಮಡಿಸುತ್ತಿದ್ದಳು. ಜಿಮ್ಮಕ್ಕ ಬಂದು ಪೊರಕೆ ಕಿತ್ತುಕೊಂಡರು.

‘ಅಯ್ಯೋ ಟೀಚರಮ್ಮ, ಕೂತ್ಕಳಿ ಅಂದ್ರೆ ಪೊರ್ಕೆ ಇಡ್ಕಂಡ್ರಲ್ಲ! ಎತ್ತೋರೂ ನೀವೇ, ಸುಸ್ತಾಗೋರೂ ನೀವೇ. ಸುಧಾರಿಸ್ಕಳಕೆ ಯಾರಪ್ಪಣೆ ಬೇಕು?’

ಮಾರನೆಯ ದಿನ ನೋಡಿದರೆ ಪೊರಕೆಯೇ ಇಲ್ಲ, ಕೆಳಗೆ ಗೊಬ್ಬರದ ಅಂಗಡಿಯಲ್ಲಿ ಇಟ್ಟುಬಂದಿದ್ದರು.

ಒಂದು ಸಂಜೆ ಅವರು ಎಂದಿನಂತೆ ಸಾರು ಕೇಳಿದರು. ‘ಸಾರೇ ಮಾಡಿಲ್ಲಕ್ಕ, ಅವರಿಗೂ ಬ್ರೆಡ್ಡು ಕೊಟ್ಟು ಬಂದೆ’ ಅಂದವಳು ಎಲ್ಲರೆದುರು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ‘ಇವತ್ತು ಏನೂ ಎತ್ತದು ಬ್ಯಾಡಿ. ಸುಮ್ನೆ ಕೂತಿದ್ದೋಗಿ’ ಅಂದರು. ಮದುವೆಯಾದ ಮೇಲೆ ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ‘ನೀವ್ಯಾವಾಗ ಕೂರೋದಕ್ಕ?’ ಎಂದು ಕೇಳಿದೆ. ಬೆಳಿಗ್ಗೆ ಹೊಲ, ಮಧ್ಯಾಹ್ನ ಹೊಲಿಗೆ, ಸಂಜೆ ಜಿಮ್ಮು ಅವರದು. ‘ನಾನು ಕೂರಾಕಿಲ್ಲ, ಒಂದೇ ಸತಿ ಮನೀಕಂತೀನಿ ಬುಡಿ’ ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಮನೆಯಲ್ಲೂ ಹಾಗೇ ಮಾಡತೊಡಗಿದೆ. ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸಿದ ಮೇಲೆ ನಾನೂ ಪಕ್ಕದಲ್ಲಿ ಕೂತು, ಉಸಿರು ಹದಕ್ಕೆ ಬಂದ ಮೇಲೆ ಬಚ್ಚಲಿಗೆ. ಯಜಮಾನರಿಗೆ ರೇಗುತ್ತಿತ್ತು. ಅವರ ಬಾಯಲ್ಲಿ ಸ್ಪಷ್ಟವಾಗಿ ಉಳಿದಿದ್ದ ಮಾತು ‘ಬೇಗ’ ಒಂದೇ. ಅವರಿಗೋ ನಾಚಿಕೆ, ನನ್ನ ಕೈಯಲ್ಲಿ ಇದನ್ನೆಲ್ಲ ಮಾಡಿಸಿಕೊಳ್ಳುವುದು ಆದಷ್ಟು ಬೇಗ ಮುಗಿಯಲಿ ಅಂತ. ಮಳೆಗಾಲದ ಹೊತ್ತಿಗೆ ಸೊಂಟ ನನ್ನ ಮಾತು ಕೇಳತೊಡಗಿತು. ಮೈದುನ ಬಂದವನು ನಾನು ಅವರನ್ನು ಎತ್ತುವುದನ್ನು ನೋಡಿ, ಕಾಫಿ ಕುಡಿದು, ಮೈಸೂರಿನ ಸುದ್ದಿ ಎತ್ತದೆ ಹೋದ.

ಜಿಮ್ಮಕ್ಕ ಹೋದದ್ದು ಕಳೆದ ವರ್ಷ. ಹೊಲದಿಂದ ಬಂದವರು ಎದೆ ಹಿಂಡುತ್ತಿದೆ ಅಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಮ್ಮನ್ನೆಲ್ಲ ಕೂರಿಸಿದ ಹೆಂಗಸು ತಾನೊಂದು ಗಳಿಗೆ ಕೂರಲಿಲ್ಲವಲ್ಲ ಎಂದು ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಅವತ್ತು ಜಿಮ್ಮಕ್ಕನ ಮಣ್ಣು ಮುಗಿಸಿ ಮನೆಗೆ ಬಂದಾಗ ಯಜಮಾನರ ಹಾಸಿಗೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಹಾಗೇ ಇದ್ದರೋ. ಸ್ನಾನವನ್ನೂ ಮಾಡದೆ, ಏದುಸಿರಿನಲ್ಲೇ ಎತ್ತಲು ಬಗ್ಗಿ ಅವರ ಬೆನ್ನ ಕೆಳಗೆ ಕೈ ಹಾಕಿದೆ. ಅವರು ಎಡಗೈಯಿಂದ ನನ್ನ ಕೈ ಸರಿಸಿದರು. ಮಂಚದ ಒಣ ಅಂಚನ್ನು ತಟ್ಟಿ, ತುಂಬ ಕಷ್ಟಪಟ್ಟು, ‘ಕೂ...ತ್ಕೋ’ ಅಂದರು.

ಕೂತೆ. ಅವರು ಆ ಒದ್ದೆಯಲ್ಲೇ ಕಾದರು.