ಮಗಳ ಸೀರೆಯಲ್ಲಿ ಬಂದ ನಟಿ

ನಮ್ಮೂರು ಸಗರದ ಕಾಲುವೆ ದಂಡೆಯಲ್ಲಿ ಚಿತ್ರೀಕರಣ ಮುಗಿಸಿ ಬಂದ ನಟಿಯನ್ನು ನಮ್ಮ ಪಕ್ಕದ ಮನೆಯ ಹಣಮವ್ವ ಹೊಸ್ತಿಲಲ್ಲೇ ತಡೆದು, ರೊಟ್ಟಿಯ ಚೂರು ನಿವಾಳಿಸಿ ಹೊರಗೆ ಎಸೆದರು. ಕಾಲುವೆ ಕಡೆ ಹೋದವಳು ಮರಳದೆ ಕಾಣೆಯಾದ ಅವರ ಮಗಳ ಕುರಿತ ಸಾಕ್ಷ್ಯಚಿತ್ರವದು. ಕಪ್ಪಗೆ, ಗಟ್ಟಿಮುಟ್ಟಾಗಿದ್ದ ಆ ಹುಡುಗಿಯ ಪಾತ್ರಕ್ಕೆ ಬೆಳ್ಳಗಿನ, ತೆಳ್ಳಗಿನ ನಟಿಯನ್ನು ಕರೆತಂದು ಅವಳದೇ ಸೀರೆ ಉಡಿಸಿದ್ದರು.

“ಅಮ್ಮಾ, ಇವರು ನಿಮ್ಮ ಮಗಳಲ್ಲ,” ಎಂದರು ನಿರ್ದೇಶಕರು.

“ಗೊತ್ತೈತ್ರಿ. ಅಕಿ ಸೀರಿ ಉಟ್ಕೊಂಡು ಅದೇ ಹಾದಿ ಹಿಡದು ಬಂದಾಳ. ಈಕಿಗೂ ಅವ್ವ ಇರ್ತಾಳಲ್ರಿ.”

ಕೊನೆಗೆ ತೆರೆಕಂಡ ಚಿತ್ರದಲ್ಲಿ ಈ ಮಾತಾಗಲಿ, ಮಗಳ ಫೋಟೊ ಆಗಲಿ ಇರಲಿಲ್ಲ. ಹಣಮವ್ವನ ಬಳಿ ಫೋನ್ ಇಲ್ಲದ್ದರಿಂದ, ಸುಳಿವು ಸಿಕ್ಕರೆ ತಿಳಿಸಲು ಕೊಟ್ಟ ನನ್ನ ಫೋನ್ ನಂಬರ್ ಮಾತ್ರ ಇತ್ತು. ಅವಳನ್ನು ನೋಡಿದೆವು ಎಂದು ಈಗಲೂ ಕರೆಗಳು ಬರುತ್ತವೆ. ಹೇಗಿದ್ದಳು ಎಂದು ಕೇಳಿದರೆ, ಬೆಳ್ಳಗೆ, ತೆಳ್ಳಗೆ ಇದ್ದಳು ಎನ್ನುತ್ತಾರೆ.