ಚಿಕ್ಕಮ್ಮ ಗಟ್ಟಿಯಾಗಿ ಓದಿದ್ದು

ನನ್ನ ಚಿಕ್ಕಮ್ಮ ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಆರು ಮಹಡಿಯ ಹಾಸಿಗೆಗಳ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಎಲ್ಲವೂ ಅಲ್ಲಿಗೇ ಇಳಿದು ಬರುತ್ತವೆ. ಹೊದಿಕೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಇನ್ನೆಷ್ಟು ನಿಮಿಷ ಒಣಗಬೇಕು ಎಂದು ಚಿಕ್ಕಮ್ಮ ಹೇಳಿಬಿಡುತ್ತಾಳೆ. ರಕ್ತದ ಕಲೆಗೆ ತಣ್ಣೀರು, ಬಿಸಿನೀರು ಸೋಕಿದರೆ ಕಲೆ ಕಚ್ಚಿಕೊಳ್ಳುತ್ತದೆ ಎನ್ನುವುದನ್ನು ಹೊಸದಾಗಿ ಸೇರಿದವರಿಗೆಲ್ಲ ಕಲಿಸಿದವಳು ಅವಳೇ. ಯಂತ್ರದ ಸದ್ದು ಸ್ವಲ್ಪ ಬದಲಾದರೂ, ‘ನಿಲ್ಸಿ, ಯಾರೋ ಜೇಬಲ್ಲಿ ಕತ್ತರಿ ಬಿಟ್ಟಿದಾರೆ’ ಎಂದು ಕೂಗುವಳು. ತೆಗೆದು ನೋಡಿದರೆ ಕತ್ತರಿ ಇರುತ್ತಿತ್ತು.

ಇಂಥವಳನ್ನು ಲಾಂಡ್ರಿಯವರು ಕರೆಯುತ್ತಿದ್ದದ್ದು ‘ಆಗಲ್ಲಕ್ಕ’ ಎಂದು.

ಯಾವ ಹೊಸ ಕೆಲಸ ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು, ‘ಅಯ್ಯೋ, ಅದೆಲ್ಲ ನನ್ನ ಕೈಲಿ ಆಗಲ್ಲ.’ ಹೇಳಿ ಅರ್ಧ ಗಂಟೆಯಲ್ಲಿ ಆ ಕೆಲಸ ಮಾಡಿ ಮುಗಿಸಿಯೂ ಇರುತ್ತಿದ್ದಳು. ಆದರೆ ಒಂದು ವಿಷಯದಲ್ಲಿ ಮಾತ್ರ ಆಗಲ್ಲ ಎಂದರೆ ಆಗಲ್ಲ. ನಾಲ್ಕು ಜನರೆದುರು ಗಟ್ಟಿಯಾಗಿ ಓದುವುದು. ಅವಳಿಗೆ ಅಕ್ಷರ ಬರುತ್ತಿತ್ತು. ಔಷಧಿಯ ಚೀಟಿ, ಬಸ್ಸಿನ ಬೋರ್ಡು, ಪೇಪರಿನ ತಲೆಬರಹ ಎಲ್ಲವನ್ನೂ ಮನಸ್ಸಿನೊಳಗೆ ಮೆಲ್ಲಗೆ ಓದಿಕೊಳ್ಳುತ್ತಿದ್ದಳು. ಯಾರಾದರೂ ಕಾಗದ ಕೊಟ್ಟು ‘ಸ್ವಲ್ಪ ಓದಿ ಹೇಳಿ’ ಎಂದರೆ ಸಾಕು, ‘ಕನ್ನಡಕ ಮನೇಲೇ ಬಿಟ್ಟು ಬಂದೆ ನೋಡಿ’ ಎನ್ನುತ್ತಿದ್ದಳು. ಮನೆಯಲ್ಲಿ ಅವಳಿಗೆ ಕನ್ನಡಕವೇ ಇರಲಿಲ್ಲ. ಹುಟ್ಟೇ ಇಲ್ಲದ ಒಂದು ಕನ್ನಡಕದ ಹೆಸರಲ್ಲಿ ಇಪ್ಪತ್ತು ವರ್ಷ ದಾಟಿಸಿದ್ದಳು.

ಇದರ ಬೇರು ಏಳನೇ ಕ್ಲಾಸಿನಲ್ಲಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದ ದಿನ ಮೇಷ್ಟ್ರು ಇವಳನ್ನು ಎಬ್ಬಿಸಿ ಪಾಠ ಓದಿಸಿದರಂತೆ. ‘ಕರ್ತವ್ಯನಿಷ್ಠೆ’ ಎಂಬಲ್ಲಿ ನಾಲಗೆ ತೊಡರಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ತೊಡರಿತು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಇನ್‌ಸ್ಪೆಕ್ಟರರೂ ಮೀಸೆಯಡಿ ನಕ್ಕರು. ಮೇಷ್ಟ್ರಿಗೆ ಅವಮಾನವಾಗಿರಬೇಕು. ‘ಕೂತ್ಕೋ, ನಿನ್ನ ಕೈಲಿ ಆಗಲ್ಲ’ ಎಂದುಬಿಟ್ಟರು. ಆ ವರ್ಷವೇ ಅವಳ ಓದು ನಿಂತಿತು. ಅದಕ್ಕೆ ಬೇರೆ ಕಾರಣಗಳಿದ್ದವು ಎಂದು ಅಮ್ಮ ಹೇಳುತ್ತಾಳೆ. ಚಿಕ್ಕಮ್ಮನ ಲೆಕ್ಕದಲ್ಲಿ ಮಾತ್ರ ಕಾರಣ ಒಂದೇ: ನನ್ನ ತಲೆ ಜರಡಿ, ಹಾಕಿದ್ದು ನಿಲ್ಲುವುದಿಲ್ಲ.

ಮೂರು ವರ್ಷದ ಹಿಂದೆ ಲಾಂಡ್ರಿಯ ಮೇಲ್ವಿಚಾರಕಿ ಕೆಲವೇ ತಿಂಗಳಲ್ಲಿ ನಿವೃತ್ತಿಯಾಗುವವರಿದ್ದರು. ಅನುಭವದಲ್ಲಿ ಆ ಜಾಗ ಚಿಕ್ಕಮ್ಮನದೇ. ಆದರೆ ಆ ಕೆಲಸದಲ್ಲಿ ಒಂದು ಮುಳ್ಳಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಹದಿನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ, ಮೇಲಿನಿಂದ ಬಂದ ಸೂಚನೆಗಳನ್ನು ಓದಿ ಹೇಳಬೇಕು.

‘ನನ್ನ ಕೈಲಿ ಆಗಲ್ಲಮ್ಮ. ನಾಲ್ಕು ವರ್ಷದ ಹಿಂದೆ ಬಂದಳಲ್ಲ, ಆ ಹುಡುಗಿಗೇ ಕೊಡಿ,’ ಎಂದಳು ಚಿಕ್ಕಮ್ಮ. ಮನೆಗೆ ಬಂದು ಚಿಕ್ಕಪ್ಪನ ಮುಂದೆ, ‘ದೊಡ್ಡ ಪೀಡೆ ತಪ್ಪಿತು ಕಣ್ರೀ’ ಎಂದಳಂತೆ. ಚಿಕ್ಕಪ್ಪ ಬೀಗ ರಿಪೇರಿ ಮಾಡುವವರು, ಮಾತು ಕಡಿಮೆ. ಪೀಡೆ ತಪ್ಪಿದವಳು ಯಾಕೆ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ ಎಂದು ಅವರಿಗೆ ಅನ್ನಿಸಿತು. 

ದಿನಾ ಹತ್ತೂವರೆಗೆ ತೊಳೆದ ಬಟ್ಟೆಯ ಗಾಡಿ ತಳ್ಳಿಕೊಂಡು ಎರಡನೇ ಮಹಡಿಗೆ ಹೋಗುವುದು ಚಿಕ್ಕಮ್ಮನ ಕೆಲಸ. ಲಕವಾ ಹೊಡೆದವರಿಗೆ ಮತ್ತೆ ನಡೆಯಲು, ಮಾತಾಡಲು ಕಲಿಸುವ ವಿಭಾಗ ಅದು. ಅಲ್ಲಿ ಚಿಕ್ಕಮ್ಮ ಬೇರೆಯೇ ಹೆಂಗಸು. ಕಂಬಿ ಹಿಡಿದು ಒಂದು ಹೆಜ್ಜೆಗೆ ಬೆವರುತ್ತಿರುವವರನ್ನು ಕಂಡರೆ ಗಾಡಿ ನಿಲ್ಲಿಸಿ, ‘ಆಗತ್ತೆ, ಎತ್ತಿ ಕಾಲು. ನಿನ್ನೆ ಎರಡಿತ್ತು, ಇವತ್ತು ಮೂರಾಗ್ಲಿ’ ಎಂದು ಹುರಿದುಂಬಿಸುವಳು.

ಆ ವಿಭಾಗಕ್ಕೆ ಆಗ ಒಬ್ಬರು ಹೊಸದಾಗಿ ಬಂದಿದ್ದರು. ಮೂವತ್ತು ವರ್ಷ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳು ಬರುವ ಹೋಗುವ ಹೊತ್ತು ಸಾರಿದವರು. ಲಕವಾ ಹೊಡೆದು ಬಲಗೈ ಸೋತಿತ್ತು, ಮಾತು ಅಳಿಸಿಹೋಗಿತ್ತು. ಉಳಿದದ್ದು ಎರಡೇ ಪದ: ‘ದಯವಿಟ್ಟು ಗಮನಿಸಿ.’ ನೀರು ಬೇಕಾದರೂ ಅದೇ, ಬೆನ್ನು ತುರಿಸಿದರೂ ಅದೇ, ಮಗಳ ಮೇಲೆ ಸಿಟ್ಟು ಬಂದರೂ ಅದೇ. ಅದೂ ಎಂಥ ದನಿ! ಇಡೀ ಮಹಡಿ ತಿರುಗಿ ನೋಡುವ ಹಾಗೆ. ನರ್ಸುಗಳು ಅವರಿಗೆ ‘ಗಮನಿಸಿ ತಾತ’ ಎಂದು ಹೆಸರಿಟ್ಟಿದ್ದರು.

ಒಂದು ದಿನ ಚಿಕ್ಕಮ್ಮ ಹೋದಾಗ ತಾತ ಚಿತ್ರದ ಕಾರ್ಡುಗಳನ್ನೆಲ್ಲ ನೆಲಕ್ಕೆಸೆದು ಮುಖ ತಿರುಗಿಸಿ ಕೂತಿದ್ದರು. ಮಾತು ಕಲಿಸುವ ಮೇಡಂ ಮೂವತ್ತರ ಆಸುಪಾಸಿನವಳು, ತಾಳ್ಮೆಯ ಹೆಣ್ಣು. ಕಾರ್ಡು ಆರಿಸುತ್ತಿದ್ದ ಚಿಕ್ಕಮ್ಮನಿಗೆ ಪೇಪರ್ ಕೊಟ್ಟು, ‘ಅಕ್ಕಾ, ಹತ್ತು ನಿಮಿಷ ಇವರ ಪಕ್ಕ ಕೂತು ಇದನ್ನ ಗಟ್ಟಿಯಾಗಿ ಓದ್ತಿರಿ. ಜೊತೆಗೆ ಯಾರಾದ್ರೂ ಓದಿದ್ರೆ ಇವರಿಗೂ ಪದ ಹೊರಡತ್ತೆ. ನಾನು ಪಕ್ಕದ ಕೋಣೇಲಿರ್ತೀನಿ’ ಎಂದಳು.

‘ಅಯ್ಯೋ ಮೇಡಂ, ಕನ್ನಡಕ ಮನೇಲೇ ಬಿಟ್ಟು ಬಂದೆ.’

ತಾತ ತಿರುಗಿ ನೋಡಿದರು. ನಿಧಾನವಾಗಿ ಎಡಗೈಯಲ್ಲಿ ತಮ್ಮ ಕನ್ನಡಕ ತೆಗೆದು ಅವಳ ಮುಂದೆ ಹಿಡಿದರು. ‘ದಯವಿಟ್ಟು ಗಮನಿಸಿ,’ ಎಂದರು.

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಚಿಕ್ಕಮ್ಮ ಆ ಕನ್ನಡಕ ಏರಿಸಿದಳು, ಅಕ್ಷರವೆಲ್ಲ ಮಸುಕಾಯಿತು. ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ನೋಡುತ್ತ ಓದತೊಡಗಿದಳು. ಹವಾಮಾನದ ಸುದ್ದಿ. ಎರಡನೇ ಸಾಲಿನಲ್ಲೇ ತೊಡರಿದಳು.  ಈಗ ನಗುತ್ತಾರೆ ಎಂದು ತಲೆಯೆತ್ತಿದರೆ, ತಾತ ಅವಳ ತುಟಿಯನ್ನೇ ನೋಡುತ್ತ ಅದೇ ಪದದ ಮೊದಲ ಅಕ್ಷರಕ್ಕೆ ಬಾಯಿ ತೆರೆದು ಒದ್ದಾಡುತ್ತಿದ್ದರು. ‘ಮೋ... ಮೋ...’ ಚಿಕ್ಕಮ್ಮ ಮೆಲ್ಲಗೆ ಬಿಡಿಸಿ ಹೇಳಿದಳು, ‘ಮೋಡ... ಕವಿದ.’ ‘ಮೋಡ,’ ಎಂದರು ತಾತ. ಹತ್ತು ನಿಮಿಷದಲ್ಲಿ ಮುಗಿದದ್ದು ನಾಲ್ಕೇ ಸಾಲು.

ಮರುದಿನವೂ ಹೋದಳು. ಅದರ ಮರುದಿನವೂ. ಮೊದಲ ವಾರ ಪ್ರತಿದಿನ ಹೊರಡುವಾಗ ಮೇಡಂಗೆ ‘ನಾಳೆ ಬೇರೆಯವರನ್ನ ನೋಡ್ಕೊಳ್ಳಿ, ನನ್ನ ಕೈಲಿ ಆಗಲ್ಲ’ ಎಂದೇ ಹೇಳಿ ಹೋಗುತ್ತಿದ್ದಳು.

ಒಮ್ಮೆ ಮೇಡಂ ತಡೆದು ಕೇಳಿದಳು, ‘ಅಕ್ಕಾ, ಹೊರಗೆ ಕಂಬಿ ಹಿಡಿದು ನಿಂತವರಿಗೆಲ್ಲ ಆಗತ್ತೆ ಅಂತೀರಿ. ನಿಮಗೆ ಮಾತ್ರ ಆಗಲ್ಲ ಅಂತೀರಿ. ಯಾಕೆ?’

‘ಅವರದ್ದು ಕಾಯಿಲೆ ಮೇಡಂ. ನಂದು ಹುಟ್ಟುಗುಣ.’

‘ಹುಟ್ಟಿದಾಗ್ಲೇ ಆಗಲ್ಲ ಅಂತಿದ್ರಾ?’

ಚಿಕ್ಕಮ್ಮ ಆಗ ಏಳನೇ ಕ್ಲಾಸಿನ ಕಥೆ ಹೇಳಿದಳು. ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಮೇಡಂ ನಗಲೂ ಇಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ.

‘ನೋಡಿ, ತಾತನ ಮಿದುಳಲ್ಲಿ ಮಾತಿನ ಹಳೇ ದಾರಿ ಮುಚ್ಚಿಹೋಗಿದೆ. ದಿನಾ ಅದೇ ಪದ ಹೇಳ್ತಾ ಹೇಳ್ತಾ ಪಕ್ಕದಲ್ಲಿ ಇನ್ನೊಂದು ದಾರಿ ಆಗ್ತಿದೆ. ನೀವೂ ಮೂವತ್ತನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಆಗಲ್ಲ ಅಂತ ಹೇಳ್ಕೊಂಡು ಬಂದಿದೀರಿ. ಅದೂ ಅಭ್ಯಾಸವೇ ಅಲ್ವಾ? ನಿಮ್ಮ ತಲೆ ಜರಡಿ ಆಗಿದ್ರೆ ಆ ಒಂದು ಮಾತು ಇಷ್ಟು ವರ್ಷ ಹೇಗೆ ನಿಲ್ತಿತ್ತು?’

ಚಿಕ್ಕಮ್ಮ ಗಾಡಿಯ ಮೇಲಿನ ಹೊದಿಕೆಗಳನ್ನು ಮತ್ತೆ ಜೋಡಿಸತೊಡಗಿದಳು.

‘ಕಲೆಯಾದ ಹೊದಿಕೆ ಬಂದ್ರೆ ಹಾಳಾಯ್ತು ಅಂತ ಎಸೀತೀರಾ?’

‘ಛೆ, ಎಸೆಯೋದ್ಯಾಕೆ! ಏನು ಕಲೆ, ರಕ್ತಾನಾ, ಔಷಧಿನಾ ಅಂತ ನೋಡ್ತೀವಿ.’

‘ಹಾಗೇ ಇದನ್ನೂ ನೋಡಿ. ಆಗಲ್ಲ ಅನ್ನೋ ಮಾತು ಬಂದಾಗ ಓಡಿಸೋಕೆ ಹೋಗ್ಬೇಡಿ, ಅದೂ ಹೋಗಲ್ಲ. ಏನು ಆಗಲ್ಲ ಅಂತ ಸರಿಯಾಗಿ ಕೇಳಿ. ಪೂರ್ತಿ ಓದೋಕಾಗಲ್ವಾ, ಇಲ್ಲ ಒಂದು ಪದ ತೊಡರತ್ತಾ?’

ಈ ಮಾತು ಚಿಕ್ಕಮ್ಮನಿಗೆ ನಾಟಿತು. ಎರಡು ಪದ ಕೂಡಿ ಉದ್ದವಾದ ಪದಗಳು ಮಾತ್ರ ತನ್ನನ್ನು ಕೆಡವುತ್ತವೆ ಎಂದು ಅವಳೇ ಕಂಡುಕೊಂಡಳು. ಅಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ತುಂಡು ಮಾಡಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಹೇಳಿಕೊಳ್ಳುವಳು. ಸಂಜೆ ಚಿಕ್ಕಪ್ಪನೆದುರು ಪೇಪರ್ ಓದುವಳು. ‘ಇಪ್ಪತ್ತೈದು ವರ್ಷ ಬರೀ ಬೈಗುಳ ಕೇಳಿದ ಕಿವಿಗೆ ವಾರ್ತೆ ಬಿದ್ದರೆ ತಡ್ಕೊಳ್ಳತ್ತೇನೇ?’ ಎಂದರಂತೆ ಚಿಕ್ಕಪ್ಪ. ಹಾಗೆಂದು ಸುತ್ತಿಗೆ ಕೆಳಗಿಟ್ಟು ಕೇಳಿದರು.

ಎಲ್ಲ ನೆಟ್ಟಗೆ ನಡೆಯಲಿಲ್ಲ. ಅವಳು ತಾತನಿಗೆ ಓದಿ ಹೇಳುವ ವಿಷಯ ತಿಳಿದ ಮೇಲ್ವಿಚಾರಕಿ ಒಂದು ಸೋಮವಾರ ದಿಢೀರನೆ ಹಾಳೆಯನ್ನು ಅವಳ ಕೈಗಿಟ್ಟರು. ಹದಿನಾಲ್ಕು ಮುಖಗಳು. ಮೂರು ಸಾಲು ಸಲೀಸಾಗಿ ಹೋಯಿತು. ನಾಲ್ಕನೆಯದರಲ್ಲಿ ‘ಸೋಂಕುನಿವಾರಕ’ ಬಂತು. ‘ಸೋಂಕುನಿ... ಸೋಂಕುರವಾ...’ ಹಿಂದಿನಿಂದ ಯಾರೋ ಕಿಸಕ್ಕೆಂದರು. ಚಿಕ್ಕಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, ಇಸ್ತ್ರಿ ಯಂತ್ರದ ಹಬೆಯ ಕೋಣೆಗೆ ಹೋಗಿ ನಿಂತಳು. ಅಲ್ಲಿ ಎಲ್ಲರ ಮುಖವೂ ಒದ್ದೆಯಾಗಿಯೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ನಾಲ್ಕು ದಿನ ಎರಡನೇ ಮಹಡಿಯ ಬಾಗಿಲಲ್ಲೇ ಗಾಡಿ ಬಿಟ್ಟು ವಾಪಸಾದಳು.

ಐದನೇ ದಿನ ಹನ್ನೊಂದರ ಹೊತ್ತಿಗೆ ನೆಲಮಾಳಿಗೆಯ ಲಿಫ್ಟ್ ತೆರೆಯಿತು. ನಾಲ್ಕು ಕಾಲಿನ ಊರುಗೋಲು ಹಿಡಿದು ಗಮನಿಸಿ ತಾತ ಹೊರಗೆ ಬಂದರು. ಕಂಕುಳಲ್ಲಿ ಪೇಪರ್. ಹಿಂದೆ ಗಾಬರಿಯಾದ ಮಗಳು. ಯಂತ್ರಗಳ ಗದ್ದಲ, ಹಬೆ, ಅತ್ತಿಂದಿತ್ತ ಓಡುವ ಗಾಡಿಗಳು. ತಾತ ಒಂದು ಕ್ಷಣ ಎಲ್ಲವನ್ನೂ ನೋಡಿದರು. ಜನ ತುಂಬಿದ ಪ್ಲಾಟ್‌ಫಾರಮ್ಮಿನಂತೆಯೇ ಕಂಡಿರಬೇಕು. ಎದೆಯುಬ್ಬಿಸಿ, ‘ದಯವಿಟ್ಟು ಗಮನಿಸಿ!’ ಎಂದರು.

ಹದಿನಾಲ್ಕು ಜನರೂ ಕೈಲಿದ್ದದ್ದು ಬಿಟ್ಟು ತಿರುಗಿದರು. ಯಾರೋ ಯಂತ್ರ ನಿಲ್ಲಿಸಿದರು. ತಾತ ಚಿಕ್ಕಮ್ಮನನ್ನು ಹುಡುಕಿ, ಅವಳತ್ತ ಊರುಗೋಲು ತೋರಿಸಿದರು. ಮುಂದಿನ ಮಾತಿಗಾಗಿ ಅವರ ದವಡೆ ಅಲುಗಾಡುತ್ತಲೇ ಇತ್ತು. ಕತ್ತಿನ ನರ ಉಬ್ಬಿತು. ಮಗಳು ಏನೋ ಹೇಳಹೋದಾಗ ಊರುಗೋಲನ್ನೇ ಅಡ್ಡ ಹಿಡಿದು ತಡೆದರು.

‘ಹ... ಹತ್ತೂ... ವರೆ,’ ಎಂದರು. ಉಸಿರು ತೆಗೆದುಕೊಂಡು, ‘ತಡ!’

 ಚಿಕ್ಕಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ‘ತಪ್ಪಾಯ್ತು ಯಜಮಾನ್ರೇ, ಬಂದೆ,’ ಎಂದು ಸೆರಗಿಗೆ ಕೈ ಒರೆಸಿಕೊಂಡು ಅವರ ಜೊತೆಯೇ ಲಿಫ್ಟ್ ಹತ್ತಿದಳು.

‘ಇಷ್ಟು ಜನರ ಮುಂದೆ ಅವರು ಅಷ್ಟು ಹೊತ್ತು ಒದ್ದಾಡಿದರಲ್ಲೇ, ಅವರಿಗೊಂದಿಷ್ಟೂ ನಾಚಿಕೆ ಆಗ್ಲಿಲ್ಲ. ಹೇಳ್ಬೇಕಾಗಿತ್ತು, ಹೇಳಿದ್ರು. ನಾನು ಒಂದು ಪದಕ್ಕೆ ಓಡಿಹೋಗಿದ್ದೆ,’ ಎಂದು ನನಗೆ ಆಮೇಲೆ ಹೇಳಿದಳು.

ಆ ವಾರ ಮೇಲ್ವಿಚಾರಕಿಯ ಕೋಣೆಗೆ ಹೋಗಿ, ಜಾಗ ಇನ್ನೂ ಯಾರಿಗೂ ಕೊಟ್ಟಿರದಿದ್ದರೆ ತನಗೆ ಬೇಕು ಎಂದಳು.  ಕೊಟ್ಟಿರಲಿಲ್ಲ. ಅವಳ ಮೊದಲ ಸೋಮವಾರ ಹಾಳೆಯಲ್ಲಿ ಆ ಹಾಳು ಪದ ಮೂರು ಕಡೆ ಇತ್ತು. ಮೊದಲನೆಯದರಲ್ಲಿ ನಾಲಗೆ ನಿಂತಿತು. ಚಿಕ್ಕಮ್ಮ ತಲೆಯೆತ್ತಿ, ‘ಈ ಪದಕ್ಕೂ ನನಗೂ ಆಗಿಬರಲ್ಲ. ಸ್ವಲ್ಪ ಇರಿ’ ಎಂದಳು. ‘ಸೋಂಕು. ನಿವಾ. ರಕ.’ ಎಲ್ಲರೂ ನಕ್ಕರು, ಅವಳೂ ನಕ್ಕಳು. ಎರಡನೆಯದು ಸುಲಭವಾಯಿತು. ಅವತ್ತು ಕಿಸಕ್ಕೆಂದಿದ್ದ ಹುಡುಗಿ ಮಧ್ಯಾಹ್ನ ಬಂದು, ‘ಅಕ್ಕಾ, ನನಗೂ ಅದು ಸರಿಯಾಗಿ ಬರಲ್ಲ’ ಎಂದು ಒಪ್ಪಿಕೊಂಡಳು.

ಎರಡೂವರೆ ತಿಂಗಳಿಗೆ ತಾತ ಮನೆಗೆ ಹೋದರು. ಪೂರ್ತಿ ಮಾತು ಮರಳಲಿಲ್ಲ, ಸಣ್ಣ ಸಣ್ಣ ವಾಕ್ಯ ಬಂತು. ಮೊಮ್ಮಗಳ ಹೆಸರು ಬಂತು, ಅಷ್ಟು ಸಾಕು ಎಂದು ಮಗಳು ಕಣ್ಣೊರೆಸಿಕೊಂಡಳು. ಚಿಕ್ಕಮ್ಮನ ಹೆದರಿಕೆಯೂ ಪೂರ್ತಿ ಹೋಗಿಲ್ಲ. ಈಗಲೂ ಸೋಮವಾರ ಬೆಳಿಗ್ಗೆ ಅಂಗೈ ಬೆವರುತ್ತದೆ. ಬೆವರಲಿ ಎಂದು ಬಿಟ್ಟುಬಿಟ್ಟಿದ್ದಾಳೆ.

ಕಳೆದ ವರ್ಷ ಅವಳು ಲೈಬ್ರರಿಗೆ ಸದಸ್ಯೆಯಾದಳು. ಪತ್ತೇದಾರಿ ಕಾದಂಬರಿಗಳ ಹುಚ್ಚು ಹಿಡಿದಿದೆ. ಸಂಜೆ ಬಾಗಿಲ ಬಳಿ ಕೂತು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾಳೆ. ಕಳೆದ ಭಾನುವಾರ ನಾನು ಹೋದಾಗ ಚಿಕ್ಕಪ್ಪ ಪುಸ್ತಕದ ಕೊನೆಯ ಪುಟ ಕದ್ದು ನೋಡಲು ಹೋಗಿ ಸಿಕ್ಕಿಬಿದ್ದಿದ್ದರು.

‘ಕೊಂದವನು ಯಾರು ಅಂತ ಅಷ್ಟಾದ್ರೂ ಹೇಳೇ,’ ಎಂದು ಗೋಗರೆಯುತ್ತಿದ್ದರು.

ಚಿಕ್ಕಮ್ಮ ಪುಸ್ತಕ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ‘ನಾಳೆ ಬನ್ನಿ,’ ಎಂದು ಒಳಗೆ ಹೋದಳು.